‘ಏನೂ ಇಲ್ಲ, ಮನೇಲೇ ಇದೀನಿ’: ಲೆಕ್ಕಕ್ಕೆ ಸಿಗದ ದುಡಿಮೆ

ರಾಮನಗರದ ಹತ್ತಿರದ ಜಾನಪದ ಲೋಕಕ್ಕೆ ಹೋದರೆ, ಅಲ್ಲಿನ ಲೋಕಮಾತಾ ಮಂದಿರಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಈ ಜಾಗದಲ್ಲಿ ಹಳ್ಳಿಮನೆಯ ಸಾಮಾನುಗಳಿವೆ. ಬಂದವರು ‘ಎಷ್ಟು ಚೆಂದ ಅಲ್ವಾ’ ಅಂತ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನನಗೆ ಮಾತ್ರ ಬೀಸುವ ಕಲ್ಲಿನ ಮುಂದಿಂದ ಕಾಲು ಕೀಳಲು ಆಗಲಿಲ್ಲ.

ಕೋಳಿ ಕೂಗುವ ಮೊದಲೇ ಎದ್ದು, ಮನೆಮಂದಿಯ ಮುದ್ದೆಗೆಲ್ಲ ಆಗುವಷ್ಟು ರಾಗಿ ಬೀಸಬೇಕಿತ್ತು. ಒಂದು ಕೈ ಸೋತರೆ ಇನ್ನೊಂದು ಕೈ. ಇಬ್ಬರು ಎದುರುಬದುರು ಕೂತರೆ ಸ್ವಲ್ಪ ಹಗುರ. ನಮ್ಮ ಬೀಸುವ ಪದಗಳು ಹುಟ್ಟಿದ್ದು ಅಲ್ಲೇ. ತವರಿನ ನೆನಪು, ಅತ್ತೆಮನೆಯ ಸಂಕಟ ಎಲ್ಲವನ್ನೂ ಕಲ್ಲಿನ ಮುಂದೆಯೇ ಹಾಡಿಕೊಂಡರು. ಹಾಡುಗಳನ್ನು ನಾವು ಬರೆದಿಟ್ಟುಕೊಂಡೆವು. ಹಾಡಿದವರ ದುಡಿಮೆಯನ್ನು ಯಾರೂ ಬರೆದಿಡಲಿಲ್ಲ.

ಆಮೇಲೆ ಊರಿಗೆ ಮಿಲ್ಲು ಬಂತು. ಹೆಂಗಸರ ತೋಳಿಗೆ ನಿಜಕ್ಕೂ ಬಿಡುವು ಸಿಕ್ಕಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಒಂದು ವಿಷಯ ನೋಡಿ. ಮಿಲ್ಲಿನಲ್ಲಿ ರಾಗಿ ಬೀಸಿಕೊಟ್ಟವನು ಜನಗಣತಿಯಲ್ಲಿ ಕೆಲಸಗಾರ. ಅದೇ ರಾಗಿಯನ್ನು ಮನೆಯವರಿಗಾಗಿ ಬೀಸಿದವಳು ‘ಕೆಲಸ ಮಾಡದವಳು’. ಕೂಲಿ ಕೈಗೆ ಬಂದರೆ ಮಾತ್ರ ಕೆಲಸ ಅನ್ನುವ ಲೆಕ್ಕ ಇದು.

ಈ ಲೆಕ್ಕ ಬದಲಾಗಿದ್ದು ಬಹಳ ನಿಧಾನ. ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವುದೂ ಕೆಲಸ ಎಂದು ಜನಗಣತಿಯ ಪ್ರಶ್ನೆಯಲ್ಲೇ ಬಿಡಿಸಿ ಬರೆದಿದ್ದು 1991ರಲ್ಲಿ. 2001ರಲ್ಲಿ, ಮನೆ ಬಳಕೆಗಷ್ಟೇ ಹಾಲು ಕರೆಯುವವರನ್ನೂ ಕೆಲಸಗಾರರ ಸಾಲಿಗೆ ಸೇರಿಸಿದರು. ಅಡುಗೆ, ಮುಸುರೆ, ಬಟ್ಟೆ ಒಗೆಯುವುದು ಮಾತ್ರ ಹೊರಗೇ ಉಳಿದವು.

ದಿನದಲ್ಲಿ ಯಾರು ಯಾವುದಕ್ಕೆ ಎಷ್ಟು ಹೊತ್ತು ಕಳೆಯುತ್ತಾರೆ ಎಂದು ಕೇಳುವ ಸಮೀಕ್ಷೆ ಮೊದಲು ನಡೆದದ್ದು 1998–99ರಲ್ಲಿ, ಆರು ರಾಜ್ಯಗಳಲ್ಲಿ. ಕರ್ನಾಟಕ ಅದರಲ್ಲಿ ಇರಲಿಲ್ಲ. ಇಡೀ ದೇಶದಲ್ಲಿ ನಡೆಯಲು 2019 ಬರಬೇಕಾಯಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಕೇಳಿದಾಗ ಇದು 289 ಮತ್ತು 88. ಮಕ್ಕಳು, ವಯಸ್ಸಾದವರ ಆರೈಕೆ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ. ಮಿಕ್ಸಿ, ಗ್ಯಾಸು ಬಂದ ಮೇಲೂ ದಿನಕ್ಕೆ ಐದು ಗಂಟೆಯ ಹತ್ತಿರ!

ಇನ್ನೊಂದು ಕಡೆ ಈ ದುಡಿಮೆಗೆ ಬೆಲೆ ಕಟ್ಟುತ್ತಾರೆ. ಅದು ಕೋರ್ಟಿನಲ್ಲಿ, ಹೆಂಗಸು ಅಪಘಾತದಲ್ಲಿ ಸತ್ತ ಮೇಲೆ, ಮನೆಯವರಿಗೆ ಎಷ್ಟು ಪರಿಹಾರ ಎಂದು ತೀರ್ಮಾನಿಸುವಾಗ. ಜಮ್‌ಶೆಡ್‌ಪುರದ ಬೆಂಕಿ ದುರಂತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಗೃಹಿಣಿಯ ದುಡಿಮೆಗೆ ತಿಂಗಳಿಗೆ 3000 ರೂಪಾಯಿ ಎಂದು ಲೆಕ್ಕ ಹಾಕಿತು. ಬದುಕಿದ್ದಾಗ ಸೊನ್ನೆ. ನನಗೆ ಇದನ್ನು ಓದಿ ಹೊಟ್ಟೆ ಕಿವುಚಿದಂತಾಯಿತು.

ಈಗ ಮತ್ತೆ ಜನಗಣತಿ, 2027ರದ್ದು. ಏನು ಕೆಲಸ ಮಾಡ್ತೀರಿ ಎಂದು ಕೇಳಿದರೆ ನಮ್ಮಮ್ಮ ಸುಮ್ನೆ ‘ಏನೂ ಇಲ್ಲ, ಮನೇಲೇ ಇದೀನಿ’ ಅಂದುಬಿಡುತ್ತಾರೆ. ಎರಡು ಹೊತ್ತೂ ಹಸು ಕರೆಯುವುದು ಅವರೇ. ಗಣತಿಯವರು ಬಂದ ದಿನ ನಾನು ಅಮ್ಮನ ಪಕ್ಕದಲ್ಲೇ ಕೂರುತ್ತೇನೆ.