ಪ್ಲಾಸ್ಟರ್ ಕೀಳಿಸುವ ಮುಂಚೆ ಗೋಡೆ ತಟ್ಟಿ ನೋಡಿ

ಬಸವನಗುಡಿಯ ಹಳೇ ಮನೆಯೊಂದಕ್ಕೆ ಹೋಗಿದ್ದೆ. ಯಜಮಾನರಿಗೆ 70 ದಾಟಿದೆ. ಮನೆ ಅವರ ತಾತ ಕಟ್ಟಿಸಿದ್ದು. ನಾನು ಚಪ್ಪಲಿ ಬಿಡುವಷ್ಟರಲ್ಲೇ ಅವರ ಮಗಳು ಮೊಬೈಲಿನಲ್ಲಿ ಒಂದು ಕಾಫಿ ಅಂಗಡಿಯ ಫೋಟೋ ತೋರಿಸಿದರು. ಗೋಡೆ ಪೂರ್ತಿ ಕೆಂಪು ಇಟ್ಟಿಗೆ. "ಮೇಡಂ, ನಮ್ಮನೆ ಪ್ಲಾಸ್ಟರ್ ಕೀಳಿಸಿದ್ರೆ ಹೀಗೇ ಕಾಣತ್ತೆ ಅಲ್ವಾ?" ಅಂದರು.

ಹಳೇ ಮನೆ ರಿಪೇರಿಯೇ ನನ್ನ ಕೆಲಸ. ಈ ಪ್ರಶ್ನೆ ತಿಂಗಳಿಗೊಂದು ಸಲ ಬರುತ್ತದೆ. ಉತ್ತರ ಹೇಳುವ ಮುಂಚೆ ಗೋಡೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಒಂದು ಸುತ್ತು ಹಾಕುತ್ತೇನೆ. ಅಲ್ಲಿ ಮುಂಬಾಗಿಲ ಪಕ್ಕದಲ್ಲಿ ಪೊಳ್ಳು ಸದ್ದು ಬಂತು. ಕಿಟಕಿ ಕೆಳಗೆ ಬಣ್ಣ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಬಿಳಿ ಪುಡಿ ಉದುರಿತು. ಅದು ಉಪ್ಪು.

ಆ ಕಾಲದ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ಸುಣ್ಣ, ಮರಳು, ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಕೆಲವು ಕಡೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ಇದು ಮೆತ್ತಗಿನ ಗಾರೆ. ಮಳೆಯಲ್ಲಿ ನೆನೆಯುತ್ತದೆ, ಬಿಸಿಲಲ್ಲಿ ಒಣಗುತ್ತದೆ. ಇದರ ಮೇಲೆ ಆಮೇಲಿನವರು ಗಟ್ಟಿಯಾಗಲಿ ಅಂತ ಸಿಮೆಂಟ್ ಬಳಿಸಿದರು. ಸಿಮೆಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಗೆ ಹೋಗುತ್ತದೆ. ವಾಪಸ್ ಬರುವುದಕ್ಕೆ ಮಾತ್ರ ದಾರಿಯಿಲ್ಲ. ಪಾಯದಿಂದ ಮೇಲೇರುವ ತೇವವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೀರು ಆರಿದಾಗ ಅದರಲ್ಲಿದ್ದ ಉಪ್ಪು ಇಟ್ಟಿಗೆಯ ಸಣ್ಣ ಸಣ್ಣ ತೂತುಗಳಲ್ಲೇ ಹರಳುಗಟ್ಟಿ, ಇಟ್ಟಿಗೆಯ ಮುಖವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಹಾಗಾಗಿ ಸಿಮೆಂಟ್ ತೆಗೆಸುವುದು ಒಳ್ಳೆಯದೇ. ಆದರೆ ತೆಗೆದ ಮೇಲೆ ಇಟ್ಟಿಗೆಯನ್ನು ಹಾಗೇ ಬಿಡಬಹುದಾ ಅನ್ನುವುದು ಬೇರೆ ಪ್ರಶ್ನೆ.

ಬಸವನಗುಡಿ, ಮಲ್ಲೇಶ್ವರದ ಕಡೆಯ ಹಳೇ ಮನೆಗಳಲ್ಲಿ ನಾನು ನೋಡಿದ ಹೆಚ್ಚಿನವು ಬರೀ ಇಟ್ಟಿಗೆ ಕಾಣಲಿ ಅಂತ ಕಟ್ಟಿದವಲ್ಲ. ಗಾರೆ ಬಳಿದು, ಮೇಲೆ ಸುಣ್ಣ ಹೊಡೆಯುವ ಮನೆಗಳು ಅವು. ಕೆಂಪಗಿರುವುದೆಲ್ಲ ಇಟ್ಟಿಗೆಯ ಕೆಂಪು ಅಂದುಕೊಳ್ಳಬೇಡಿ. 1868ರಲ್ಲಿ ಮುಗಿದ ನಮ್ಮ ಅಠಾರಾ ಕಚೇರಿಯನ್ನೇ, ಅಂದರೆ ಈಗಿನ ಹೈಕೋರ್ಟ್ ಕಟ್ಟಡವನ್ನೇ ನೋಡಿ. ಕಲ್ಲು, ಇಟ್ಟಿಗೆಯ ಕಟ್ಟಡ, ಆದರೆ ಆ ಕೆಂಪು ಮೇಲೆ ಹೊಡೆದ ಬಣ್ಣ.

ತೋರಿಸಲೆಂದೇ ಕಟ್ಟಿದ ಗೋಡೆಯಾದರೆ ಸಂದುಗಳು ತೆಳ್ಳಗೆ, ಒಂದೇ ಅಳತೆಯಲ್ಲಿರುತ್ತವೆ. ಮುಚ್ಚಲೆಂದು ಕಟ್ಟಿದ್ದರಲ್ಲಿ ಸಂದು ಒಂದು ಕಡೆ ಅರ್ಧ ಬೆರಳು, ಇನ್ನೊಂದು ಕಡೆ ಎರಡು ಬೆರಳು. ನಡುವೆ ತುಂಡು ಇಟ್ಟಿಗೆ, ಹೆಂಚಿನ ಚೂರು. ಇದನ್ನು ತಿಳಿಯುವುದಕ್ಕೆ ಇಡೀ ಗೋಡೆ ಕೆಡವಬೇಕಿಲ್ಲ. ಮೂರು ಕಡೆ ಒಂದೊಂದು ಅಡಿ ಚೌಕ ಬಿಡಿಸಿದರೆ ಸಾಕು: ನೆಲದ ಹತ್ತಿರ, ಕಿಟಕಿ ಕೆಳಗೆ, ಮಳೆ ಹೊಡೆತ ಕಡಿಮೆ ಇರುವ ಹಿಂಭಾಗದಲ್ಲಿ.

ಆ ಮನೆಯಲ್ಲಿ ಹಿಂಭಾಗದ ಚೌಕ ನೋಡಿ ಎಲ್ಲರಿಗೂ ಖುಷಿಯಾಯಿತು. ಹಸನಾದ ಇಟ್ಟಿಗೆ, ನೇರ ಸಾಲು. ಮುಂಭಾಗದಲ್ಲಿ ಮೇಸ್ತ್ರಿ ಪ್ಲಾಸ್ಟರಿನ ದೊಡ್ಡ ಚಕ್ಕೆಯೊಂದನ್ನು ಎಬ್ಬಿಸಿ, ಸುಮ್ಮನೆ ನಿಂತುಬಿಟ್ಟ. ಒಂದೊಂದು ಇಟ್ಟಿಗೆಯ ಮೇಲೂ ಏಳೆಂಟು ಓರೆ ಗಾಯ. ಸಿಮೆಂಟ್ ಹಿಡಿದುಕೊಳ್ಳಲಿ ಅಂತ ಹಿಂದೆ ಯಾರೋ ಸಾಲಾಗಿ ಕಚ್ಚು ಹೊಡೆದಿದ್ದರು. "ಇದನ್ನ ಮುಚ್ಲೇಬೇಕು ಅಮ್ಮಾ," ಅಂದ. ಅವನ ಮಾತು ಸರಿ. ಸುಟ್ಟ ಇಟ್ಟಿಗೆಗೆ ಹೊರಗಡೆ ಒಂದು ಗಟ್ಟಿ ಪದರ ಇರುತ್ತದೆ. ಅದು ಹೋದರೆ ಒಳಗಿನ ಮೆತ್ತನೆ ಭಾಗ ಮಳೆಗೆ ಸಿಕ್ಕಿ ಸವೆಯುತ್ತಾ ಬರುತ್ತದೆ.

ಇದೇ ಕಾರಣಕ್ಕೆ ಬ್ರೇಕರ್ ಮಷಿನ್ ಬೇಡ ಅಂತ ನಾನು ಹಟ ಹಿಡಿಯುತ್ತೇನೆ. ಅಗಲ ಬಾಯಿಯ ಉಳಿ, ಸಣ್ಣ ಸುತ್ತಿಗೆ. ಪೊಳ್ಳು ಇದ್ದ ಕಡೆಯಿಂದ ಶುರು ಮಾಡಿ, ಉಳಿಯನ್ನು ಗೋಡೆಗೆ ಒರಗಿಸಿ ಹೊಡೆಯಬೇಕು. ಜಾಸ್ತಿ ದಿನ ಹಿಡಿಯುತ್ತದೆ, ಕೂಲಿಯೂ ಜಾಸ್ತಿ. ಉಳಿದ ಕಲೆಗೆ ಆಸಿಡ್, ಮರಳು ಹೊಡೆಯುವ ಮಷಿನ್, ಜೋರು ಪ್ರೆಶರ್ ನೀರು ಯಾವುದೂ ಬೇಡ. ಗಟ್ಟಿ ನಾರಿನ ಬ್ರಷ್ ಸಾಕು. ತಂತಿ ಬ್ರಷ್ ಕೂಡ ಬೇಡ. ದೂಳಿಗೆ ಕೆಲಸದವರಿಗೆಲ್ಲ ಒಳ್ಳೆಯ ಮಾಸ್ಕ್ ಕೊಡಿಸಿ. ಕರವಸ್ತ್ರ ಕಟ್ಟಿಕೊಂಡರೆ ಆಗುವುದಿಲ್ಲ. ಆ ದೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಸಂದುಗಳಿಗೆ ಮತ್ತೆ ಸಿಮೆಂಟ್ ತುಂಬಿದರೆ ಮಾಡಿದ್ದೆಲ್ಲ ವ್ಯರ್ಥ. ಇಟ್ಟಿಗೆಗಿಂತ ಗಾರೆ ಮೆತ್ತಗಿರಬೇಕು. ಸಡಿಲ ಗಾರೆಯನ್ನು ಸುಮಾರು ಒಂದು ಇಂಚು ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಮರಳು ಕಲಸಿ ಒತ್ತಿ ತುಂಬಬೇಕು. ಸುಣ್ಣ ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ, ಅದಕ್ಕೇ ಒದ್ದೆ ಗೋಣಿಚೀಲ ಇಳಿಬಿಡುವುದು. ಕೊನೆಗೆ ಹೊಳಪು ಬರಲಿ ಅಂತ ವಾರ್ನಿಶ್ ಥರದ ಕೋಟಿಂಗ್ ಹೊಡೆಸಬೇಡಿ. ಸಿಮೆಂಟ್ ಮಾಡಿದ ತೊಂದರೆಯನ್ನೇ ಅದೂ ಮಾಡುತ್ತದೆ.

ಇದಕ್ಕೆಲ್ಲ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು. ನಮ್ಮೂರಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆಗಳು ಏರಿವೆ. ಹಳೇ ಮನೆಗಳು ತಗ್ಗಿಗೆ ಬಿದ್ದಿವೆ. ಆ ಮನೆಯಲ್ಲೂ ಮಳೆ ಬಂದರೆ ಗೇಟಿನಿಂದ ನೀರು ನೇರ ಗೋಡೆ ಬುಡಕ್ಕೇ ಬರುತ್ತಿತ್ತು. ಮೊದಲು ಅಂಗಳದ ಸಿಮೆಂಟ್ ಒಡೆಸಿ, ಗೋಡೆ ಪಕ್ಕ ಎರಡಡಿ ಜಲ್ಲಿ ಹಾಕಿಸಿ, ಚರಂಡಿ ತಿರುಗಿಸಿದೆವು. ಗೋಡೆ ಮುಟ್ಟಿದ್ದು ಡಿಸೆಂಬರಿನಲ್ಲಿ, ಮಳೆಯೆಲ್ಲ ಮುಗಿದ ಮೇಲೆ.

ಈಗ ಹಿತ್ತಲ ಗೋಡೆಯಲ್ಲಿ ಇಟ್ಟಿಗೆ ಕಾಣುತ್ತದೆ. ಮುಂಭಾಗಕ್ಕೆ ಸುಣ್ಣದ ಗಾರೆ ಬಳಿಸಿದ್ದೇವೆ. ಮಗಳಿಗೆ ಮೊದಮೊದಲು ಬೇಸರವಿತ್ತು. ಸೆಪ್ಟೆಂಬರಿನ ದೊಡ್ಡ ಮಳೆ ಕಳೆದು ಎರಡು ದಿನಕ್ಕೆ ಅವರೇ ಫೋನ್ ಮಾಡಿದರು: "ಮೇಡಂ, ಕಿಟಕಿ ಕೆಳಗೆ ಒಣಗಿದೆ." ಉಳಿದ ಸುಣ್ಣವನ್ನು ಒಂದು ಡ್ರಮ್ಮಿನಲ್ಲಿ ನೀರಿನಡಿ ಇಟ್ಟು ಬಂದಿದ್ದೇವೆ, ಮುಂದಿನ ರಿಪೇರಿಗೆ.