ಒಂದೇ ಸಿ ಕೋಡು, ಮೂರು ಆಪರೇಟಿಂಗ್ ಸಿಸ್ಟಂ: ಪೈಥಾನ್ ಎಕ್ಸ್‌ಟೆನ್ಷನ್‌ಗಳು ಎಡವುವುದು ಎಲ್ಲಿ?

ಪೈಥಾನ್‌ನಲ್ಲಿ ಒಂದು ಕೋಟಿ ಸಂಖ್ಯೆಗಳನ್ನು ಲೂಪ್ ಹಾಕಿ ಒಂದೊಂದಾಗಿ ಕೂಡಿಸಿ ನೋಡಿ. ಆಮೇಲೆ ಅವೇ ಸಂಖ್ಯೆಗಳನ್ನು ನಮ್‌ಪೈ ಎಂಬ ಗಣಿತ ಲೈಬ್ರರಿಯ ಅರೇಯಲ್ಲಿಟ್ಟು ಕೂಡಿಸಿ ನೋಡಿ. ಎರಡನೆಯದು ಹತ್ತಾರು ಪಟ್ಟು ಬೇಗ ಮುಗಿಯುತ್ತದೆ, ಏಕೆಂದರೆ ಅಲ್ಲಿ ಲೂಪ್ ಓಡುವುದು ಸಿ ಭಾಷೆಯಿಂದ ಕಂಪೈಲ್ ಆದ ಯಂತ್ರಸಂಕೇತದಲ್ಲಿ. ಚಿತ್ರಗಳನ್ನು ತೆರೆಯುವ ಪಿಲ್ಲೋ, ಎಕ್ಸ್‌ಎಂಎಲ್ ಓದುವ ಎಲ್‌ಎಕ್ಸ್‌ಎಂಎಲ್ ಎಲ್ಲವೂ ಹೀಗೆಯೇ, ಮೇಲೆ ಪೈಥಾನ್, ಒಳಗೆ ಸಿ. ಈ ಒಳಭಾಗವೇ ನೇಟಿವ್ ಎಕ್ಸ್‌ಟೆನ್ಷನ್.

ಬರೀ ಪೈಥಾನ್‌ನಲ್ಲಿ ಬರೆದ ಕಡತವನ್ನು ಲಿನಕ್ಸ್‌ನಿಂದ ವಿಂಡೋಸ್‌ಗೆ ಕಾಪಿ ಮಾಡಿದರೆ ಸಾಮಾನ್ಯವಾಗಿ ಓಡುತ್ತದೆ. ಎಕ್ಸ್‌ಟೆನ್ಷನ್‌ಗೆ ಆ ಭಾಗ್ಯವಿಲ್ಲ. ಅದನ್ನು ಒಂದೊಂದು ಆಪರೇಟಿಂಗ್ ಸಿಸ್ಟಂಗೂ, ಒಂದೊಂದು ಬಗೆಯ ಪ್ರೊಸೆಸರ್‌ಗೂ, ಬಹುತೇಕ ಸಲ ಒಂದೊಂದು ಪೈಥಾನ್ ಆವೃತ್ತಿಗೂ ಬೇರೆಬೇರೆಯಾಗಿ ಕಂಪೈಲ್ ಮಾಡಬೇಕು. ಹೊಸಬರು ಕಂಪೈಲ್ ಆಗದಿರುವುದಕ್ಕೆ ಹೆದರುತ್ತಾರೆ. ನಿಜವಾದ ತಲೆನೋವು ಅದಲ್ಲ. ಕಂಪೈಲರ್ ಕೊನೆಪಕ್ಷ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಹೇಳುತ್ತದೆ. ನಮ್ಮ ಯಂತ್ರದಲ್ಲಿ ಸಲೀಸಾಗಿ ಕಂಪೈಲ್ ಆದ ಫೈಲು ಬೇರೆಯವರ ಯಂತ್ರದಲ್ಲಿ ಲೋಡ್ ಆಗದಿದ್ದಾಗ ಸಿಗುವ ಸುಳಿವು ಬಹಳ ಕಡಿಮೆ.

ಎಕ್ಸ್‌ಟೆನ್ಷನ್ ಎಂದರೆ ಒಂದು ಶೇರ್ಡ್ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂ ಓಡುವಾಗ ಎಳೆದುಕೊಳ್ಳುವ ಕಂಪೈಲ್ ಆದ ಫೈಲು, ಅಷ್ಟೆ. ಇಂಪೋರ್ಟ್ ಎಂದಾಗ ಪೈಥಾನ್ ಆ ಫೈಲನ್ನು ಮೆಮೊರಿಗೆ ಎಳೆದುಕೊಂಡು, 'ಪಿವೈಇನಿಟ್_' ಎಂಬುದರ ಮುಂದೆ ಮಾಡ್ಯೂಲಿನ ಹೆಸರು ಸೇರಿದ ಫಂಕ್ಷನ್ ಒಂದನ್ನು ಹುಡುಕುತ್ತದೆ. ಸಿಕ್ಕಿದರೆ ಅದನ್ನು ಕರೆಯುತ್ತದೆ, ಸಿಗದಿದ್ದರೆ ಇಂಪೋರ್ಟ್ ಎರರ್. ಫೈಲಿನ ಹೆಸರು ಬದಲಾಯಿಸಿ ಒಳಗಿನ ಫಂಕ್ಷನ್ ಹೆಸರು ಬದಲಾಯಿಸಲು ಮರೆತವರಿಗೂ, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು 'ಎಕ್ಸ್‌ಟರ್ನ್ ಸಿ' ಬಿಟ್ಟವರಿಗೂ ಸಿಗುವುದು ಇದೇ ಎರರ್. ಸಿ ಪ್ಲಸ್ ಪ್ಲಸ್ ಕಂಪೈಲರ್ ಫಂಕ್ಷನ್ ಹೆಸರಿಗೆ ಆರ್ಗ್ಯುಮೆಂಟ್‌ಗಳ ವಿವರವನ್ನೂ ಹೊಸೆದುಬಿಡುವುದರಿಂದ ಪೈಥಾನ್ ಹುಡುಕುವ ಹೆಸರು ಅಲ್ಲಿ ಉಳಿದಿರುವುದಿಲ್ಲ.

ಕಂಪೈಲ್ ಮಾಡಲು ಬೇಕಾದ್ದು ಮೂರು: ಕಂಪೈಲರ್, ಪೈಥಾನ್.ಎಚ್ ಎಂಬ ಹೆಡರ್ ಫೈಲು (ಪೈಥಾನ್‌ನ ಸಿ ಫಂಕ್ಷನ್‌ಗಳ ಘೋಷಣೆಗಳಿರುವ ಕಡತ), ಮತ್ತು ನಾವು ಬಳಸುವ ಹೊರಗಿನ ಲೈಬ್ರರಿಗಳ ಹೆಡರ್‌ಗಳು. ಪೈಥಾನ್.ಎಚ್ ಸಿಗಲಿಲ್ಲ ಎಂಬ ಎರರ್ ಬಂದರೆ ಉಬುಂಟು, ಡೆಬಿಯನ್‌ಗಳಲ್ಲಿ ಪೈಥಾನ್3-ಡೆವ್, ಫೆಡೋರಾದಲ್ಲಿ ಪೈಥಾನ್3-ಡೆವೆಲ್ ಪ್ಯಾಕೇಜ್ ಹಾಕಿಕೊಳ್ಳಬೇಕು. ವಿಂಡೋಸ್‌ನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಹೆಡರ್‌ಗಳು ಜೊತೆಯಲ್ಲೇ ಬರುತ್ತವೆ. ಮ್ಯಾಕ್‌ನಲ್ಲಿ ಕಂಪೈಲರ್‌ಗಾಗಿ ಆಪಲ್‌ನ ಕಮಾಂಡ್ ಲೈನ್ ಟೂಲ್ಸ್ ಬೇಕು. ಒಂದು ನಿಯಮ ಮೂರೂ ಕಡೆ ಒಂದೇ: ಸಿ ಫೈಲಿನಲ್ಲಿ ಪೈಥಾನ್.ಎಚ್ ಎಲ್ಲಕ್ಕಿಂತ ಮೊದಲು ಇರಬೇಕು. ಅದು ಕೆಲವು ಮ್ಯಾಕ್ರೋಗಳನ್ನು, ಅಂದರೆ ಕಂಪೈಲ್‌ಗೆ ಮುನ್ನ ಕೋಡಿನಲ್ಲಿ ಬದಲಿಯಾಗುವ ಹೆಸರುಗಳನ್ನು, ಡಿಫೈನ್ ಮಾಡುತ್ತದೆ, ಅವು ಸಿಸ್ಟಂ ಹೆಡರ್‌ಗಳ ನಡವಳಿಕೆಯನ್ನೇ ಬದಲಿಸುತ್ತವೆ. ಆ ಮ್ಯಾಕ್ರೋಗಳಲ್ಲಿ ಒಂದು ಕೆಳಗೆ ಮತ್ತೆ ಎದುರಾಗುತ್ತದೆ.

ಲಿನಕ್ಸ್ ಎಂಬುದು ಒಂದೇ ಆಪರೇಟಿಂಗ್ ಸಿಸ್ಟಂ ಎಂದು ನಂಬಿದವರಿಗೆ ಮೊದಲ ಪೆಟ್ಟು ಬೀಳುವುದು ಜಿಲಿಬ್‌ಸಿಯಿಂದ. ಮೆಮೊರಿ ಕೊಡುವುದು, ಫೈಲು ತೆರೆಯುವುದು, ಅಕ್ಷರಗಳನ್ನು ಸಂಖ್ಯೆಯಾಗಿಸುವುದು, ಇಂಥ ಮೂಲ ಕೆಲಸಗಳನ್ನು ಮಾಡುವ ಸಿ ಲೈಬ್ರರಿ ಅದು. ಉಬುಂಟು 20.04ರಲ್ಲಿ ಅದರ ಆವೃತ್ತಿ 2.31, 22.04ರಲ್ಲಿ 2.35, 24.04ರಲ್ಲಿ 2.39. ಹಳೆಯದರ ಮೇಲೆ ಕಂಪೈಲ್ ಆದದ್ದು ಹೊಸದರ ಮೇಲೆ ಓಡುತ್ತದೆ; ಹೊಸದರ ಮೇಲೆ ಆದದ್ದು ಹಳೆಯದರ ಮೇಲೆ ಓಡುವ ಖಾತ್ರಿ ಇಲ್ಲ. ಜಿಲಿಬ್‌ಸಿಯಲ್ಲಿ ಪ್ರತಿ ಫಂಕ್ಷನ್‌ಗೂ ಅದು ಯಾವ ಆವೃತ್ತಿಯಲ್ಲಿ ಬಂತು ಎಂಬ ಗುರುತು ಅಂಟಿರುತ್ತದೆ. ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಆ ಗುರುತನ್ನು ನಮ್ಮ ಫೈಲಿನೊಳಗೆ ಬರೆದಿಡುತ್ತದೆ, ಫೈಲನ್ನು ಮೆಮೊರಿಗೆ ತರುವ ಲೋಡರ್ ಮೊದಲು ಅದನ್ನೇ ಪರೀಕ್ಷಿಸುತ್ತದೆ. ಅಲ್ಲಿ ಆ ಆವೃತ್ತಿ ಇಲ್ಲದಿದ್ದರೆ 'ಜಿಲಿಬ್‌ಸಿ_2.34 ನಾಟ್ ಫೌಂಡ್' ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ.

ಹೊಸ ಫಂಕ್ಷನ್ ಏನನ್ನೂ ಬಳಸಿಲ್ಲವಲ್ಲ ಎಂದು ವಾದಿಸಿ ಫಲವಿಲ್ಲ. 2.34ರಲ್ಲಿ ಥ್ರೆಡ್ ಲೈಬ್ರರಿಯನ್ನು (ಒಂದೇ ಪ್ರೋಗ್ರಾಂನ ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸುವಂಥದ್ದು) ಮುಖ್ಯ ಲೈಬ್ರರಿಯೊಳಕ್ಕೆ ಸೇರಿಸಿದರು. ಆಗಿನಿಂದ ದಶಕಗಳಷ್ಟು ಹಳೆಯದಾದ ಥ್ರೆಡ್ ಸೃಷ್ಟಿಸುವ ಫಂಕ್ಷನ್‌ಗೂ ಹೊಸದಾಗಿ ಲಿಂಕ್ ಮಾಡಿದಾಗ 2.34ರ ಮುದ್ರೆ ಬೀಳುತ್ತದೆ. ಇನ್ನೂ ಸೋಜಿಗದ್ದು 'ಎಸ್‌ಟಿಆರ್‌ಟೋಲ್'. ಅಕ್ಷರಗಳಿಂದ ಪೂರ್ಣಾಂಕ ಪಡೆಯುವ ಈ ಫಂಕ್ಷನ್ ಸಿ ಕಲಿಯುವ ಮೊದಲ ವರ್ಷದಲ್ಲೇ ಪರಿಚಯವಾಗುತ್ತದೆ. ಪೈಥಾನ್.ಎಚ್ ಡಿಫೈನ್ ಮಾಡುವ 'ಜಿಎನ್‌ಯು ಸೋರ್ಸ್' ಮ್ಯಾಕ್ರೋ ಇದ್ದರೆ, 2.38 ಮತ್ತು ಅದರ ನಂತರದ ಹೆಡರ್‌ಗಳು ಈ ಕರೆಯನ್ನು ಸದ್ದಿಲ್ಲದೆ ಸಿ23 ಮಾನದಂಡದ ಹೊಸ ರೂಪಕ್ಕೆ ತಿರುಗಿಸುತ್ತವೆ. ಉಬುಂಟು 24.04ರಲ್ಲಿ ಕಂಪೈಲ್ ಆದ ಎಕ್ಸ್‌ಟೆನ್ಷನ್ ಇಷ್ಟರಿಂದಲೇ 22.04ರಲ್ಲಿ ಲೋಡ್ ಆಗದೆ ಹೋಗುತ್ತದೆ.

ಪರಿಹಾರ ಒರಟಾದದ್ದು, ಆದರೆ ನಂಬಬಹುದಾದದ್ದು: ಹಳೆಯ ಲಿನಕ್ಸ್ ಮೇಲೆ ಕಂಪೈಲ್ ಮಾಡಿ. 2016ರಲ್ಲಿ ಬಂದ ಮೆನಿಲಿನಕ್ಸ್1 ಎಂಬ ಒಪ್ಪಂದ ಸೆಂಟ್‌ಓಎಸ್ 5ನ್ನು, ಅಂದರೆ ಜಿಲಿಬ್‌ಸಿ 2.5ನ್ನು ತಳಹದಿಯಾಗಿ ಹಿಡಿಯಿತು. ಮೆನಿಲಿನಕ್ಸ್2014ಕ್ಕೆ ಸೆಂಟ್‌ಓಎಸ್ 7, ಆವೃತ್ತಿ 2.17. ಆಮೇಲೆ ವರ್ಷದ ಹೆಸರು ಬಿಟ್ಟು ಜಿಲಿಬ್‌ಸಿ ಆವೃತ್ತಿಯನ್ನೇ ಹೆಸರಿನಲ್ಲಿ ಇಡತೊಡಗಿದರು. ಮೆನಿಲಿನಕ್ಸ್_2_28 ಎಂದರೆ 2.28 ಅಥವಾ ಅದಕ್ಕಿಂತ ಹೊಸದು ಇರುವಲ್ಲಿ ಓಡುತ್ತದೆ ಎಂದರ್ಥ. ಇವಕ್ಕೆಲ್ಲ ಸಿದ್ಧ ಡಾಕರ್ ಇಮೇಜ್‌ಗಳಿವೆ, ಅಂದರೆ ಇಡೀ ಸಿಸ್ಟಂ ಅನ್ನೇ ಒಳಗಿಟ್ಟುಕೊಂಡ ಪೊಟ್ಟಣಗಳು. ಅವುಗಳಲ್ಲಿ ಸಿಸ್ಟಂ ಹಳೆಯದಾದರೂ ಕಂಪೈಲರ್ ಹೊಸದು: 2014ರ ಇಮೇಜ್‌ನಲ್ಲಿ ಜಿಸಿಸಿ 10 ಇದೆ. ಹಳೆಯ ಸಿಸ್ಟಂನಲ್ಲಿ ಇಲ್ಲದ ಸಿ ಪ್ಲಸ್ ಪ್ಲಸ್ ಲೈಬ್ರರಿಯ ಭಾಗಗಳನ್ನು ಅದು ನಮ್ಮ ಫೈಲಿನೊಳಕ್ಕೇ ಬೆಸೆದುಬಿಡುತ್ತದೆ.

ಇಮೇಜ್‌ನೊಳಗೆ ಕಂಪೈಲ್ ಆದ ಮೇಲೆ 'ಆಡಿಟ್‌ವೀಲ್ ರಿಪೇರ್' ಎಂಬ ಕಮಾಂಡ್ ಓಡಿಸಬೇಕು. ನಮ್ಮ ಎಕ್ಸ್‌ಟೆನ್ಷನ್ ಯಾವ ಯಾವ ಲೈಬ್ರರಿಗಳನ್ನು ನೆಚ್ಚಿಕೊಂಡಿದೆ ಎಂದು ಅದು ನೋಡುತ್ತದೆ. ಎಲ್ಲ ಲಿನಕ್ಸ್‌ನಲ್ಲೂ ಇರುತ್ತವೆ ಎಂದು ಒಪ್ಪಿಕೊಂಡ ಚಿಕ್ಕ ಪಟ್ಟಿಯನ್ನು ಬಿಟ್ಟು ಉಳಿದವನ್ನೆಲ್ಲ ವೀಲ್ (ಕಂಪೈಲ್ ಆಗಿಯೇ ಬರುವ ಪೈಥಾನ್ ಪ್ಯಾಕೇಜ್) ಫೈಲಿನೊಳಕ್ಕೆ ಕಾಪಿ ಮಾಡಿ, ಹೆಸರಿಗೆ ಹ್ಯಾಶ್‌ನ, ಅಂದರೆ ಫೈಲಿನಿಂದ ಲೆಕ್ಕಹಾಕಿದ ಗುರುತಿನ, ತುಣುಕು ಸೇರಿಸಿ, ಲೋಡರ್ ಅಲ್ಲೇ ಹುಡುಕುವಂತೆ ದಾರಿ ತಿದ್ದುತ್ತದೆ. ಅನುಕೂಲವೇನೋ ಸರಿ, ಅದಕ್ಕೊಂದು ಬೆಲೆಯೂ ಇದೆ. ವೀಲ್‌ನೊಳಗೆ ಗೂಢಲಿಪಿಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಕೂತಿದ್ದರೆ ಬಳಕೆದಾರರು ತಮ್ಮ ಸಿಸ್ಟಂ ಅಪ್‌ಡೇಟ್ ಮಾಡಿದರೂ ಅದು ಹಳೆಯದಾಗಿಯೇ ಉಳಿಯುತ್ತದೆ. ಭದ್ರತಾ ದೋಷ ಕಂಡುಬಂದರೆ ಹೊಸ ವೀಲ್ ಹೊರಡಿಸುವ ಹೊಣೆ ಪ್ಯಾಕೇಜ್ ಮಾಡಿದವರದ್ದು. ಬಹಳ ಜನ ಇದನ್ನು ಯೋಚಿಸದೆಯೇ ಲೈಬ್ರರಿಗಳನ್ನು ಒಳಗೆ ತುಂಬುತ್ತಾರೆ.

ಆಲ್ಪೈನ್ ಲಿನಕ್ಸ್‌ನಲ್ಲಿ ಜಿಲಿಬ್‌ಸಿಯೇ ಇಲ್ಲ, ಮಸಲ್ ಎಂಬ ಬೇರೆ ಸಿ ಲೈಬ್ರರಿ ಇದೆ. ಮೆನಿಲಿನಕ್ಸ್ ವೀಲ್ ಅಲ್ಲಿ ಸಲ್ಲದು, ಮಸಲ್‌ಲಿನಕ್ಸ್ ಎಂಬ ಬೇರೆ ವೀಲ್ ಬೇಕು. ಅದೂ ಇಲ್ಲದಿದ್ದರೆ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್ ಮೂಲ ಕೋಡನ್ನೇ ಇಳಿಸಿಕೊಂಡು ಕಂಪೈಲ್ ಮಾಡಲು ಕೂರುತ್ತದೆ. ಇಮೇಜ್ ಚಿಕ್ಕದಿರಲಿ ಎಂದು ಆಲ್ಪೈನ್ ಆರಿಸಿಕೊಂಡವರು ಕೊನೆಗೆ ಅದರೊಳಗೆ ಜಿಸಿಸಿ ತುಂಬುವುದು ಹೀಗೆ. ಮಸಲ್‌ನಲ್ಲಿ ಹೊಸ ಥ್ರೆಡ್‌ಗೆ ಸಿಗುವ ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಮೀಸಲಾದ ಮೆಮೊರಿ) ಸಾಮಾನ್ಯವಾಗಿ 128 ಕಿಲೋಬೈಟ್, ಜಿಲಿಬ್‌ಸಿಯಲ್ಲಿ ಬಹುತೇಕ ಕಡೆ 8 ಮೆಗಾಬೈಟ್. ತನ್ನನ್ನು ತಾನೇ ಆಳವಾಗಿ ಕರೆದುಕೊಳ್ಳುವ ಫಂಕ್ಷನ್ ಇದ್ದರೆ ಉಬುಂಟುವಿನಲ್ಲಿ ಓಡಿದ್ದು ಇಲ್ಲಿ ಕುಸಿಯಬಹುದು.

ವಿಂಡೋಸ್‌ನ ಸ್ವಭಾವ ಬೇರೆ. ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿ ಕಟ್ಟುವಾಗ ಯಾವುದೋ ಫಂಕ್ಷನ್ ಸಿಗದಿದ್ದರೂ ಲಿಂಕರ್ ಸುಮ್ಮನಿರುತ್ತದೆ, ಓಡುವಾಗ ಸಿಕ್ಕೀತು ಎಂದುಕೊಳ್ಳುತ್ತದೆ. ಪೈಥಾನ್‌ನ ಫಂಕ್ಷನ್‌ಗಳು ಸಿಗುವುದು ಈ ಸಡಿಲಿಕೆಯಿಂದಲೇ. ಒಂದು ಲೈಬ್ರರಿಯನ್ನು ಲಿಂಕ್ ಮಾಡಲು ಮರೆತರೂ ಕಂಪೈಲ್ ಗೆದ್ದು ಇಂಪೋರ್ಟ್‌ನಲ್ಲಿ 'ಅನ್‌ಡಿಫೈನ್ಡ್ ಸಿಂಬಲ್' ಬರುವುದಕ್ಕೂ ಅದೇ ಕಾರಣ. ವಿಂಡೋಸ್ ಲಿಂಕರ್ ಇದನ್ನು ಒಪ್ಪುವುದಿಲ್ಲ, ಪ್ರತಿಯೊಂದು ಹೆಸರೂ ಅಲ್ಲೇ ಇತ್ಯರ್ಥವಾಗಬೇಕು. ಅದಕ್ಕಾಗಿ ಪೈಥಾನ್312.ಲಿಬ್‌ನಂಥ ಇಂಪೋರ್ಟ್ ಲೈಬ್ರರಿ ಇರುತ್ತದೆ, ಹೆಡರ್ ಫೈಲೇ ಅದನ್ನು ಕೇಳಿ ತರಿಸಿಕೊಳ್ಳುತ್ತದೆ. ವಿಷುಯಲ್ ಸ್ಟುಡಿಯೋದಲ್ಲಿ ಡೀಬಗ್ ಮೋಡ್ ಆರಿಸಿದರೆ ಅದೇ ಹೆಡರ್ ಪೈಥಾನ್312_ಡಿ.ಲಿಬ್ ಕೇಳುತ್ತದೆ. ಪೈಥಾನ್ ಇನ್‌ಸ್ಟಾಲ್ ಮಾಡುವಾಗ ಡೀಬಗ್ ಬೈನರಿಗಳನ್ನು ಆರಿಸದಿದ್ದರೆ ಅದು ಇರುವುದಿಲ್ಲ, ಫೈಲು ತೆರೆಯಲಾಗಲಿಲ್ಲ ಎಂಬ 'ಎಲ್‌ಎನ್‌ಕೆ1104' ಎರರ್ ಬರುತ್ತದೆ.

ಹಿಂದೆ ವಿಂಡೋಸ್‌ನಲ್ಲಿ ಪೈಥಾನ್ ಯಾವ ಕಂಪೈಲರ್‌ನಿಂದ ಹುಟ್ಟಿತೋ ಅದೇ ಬೇಕಿತ್ತು: 2.7ಕ್ಕೆ ವಿಷುಯಲ್ ಸ್ಟುಡಿಯೋ 2008, 3.3 ಮತ್ತು 3.4ಕ್ಕೆ 2010. ಒಂದೊಂದು ಕಂಪೈಲರ್‌ಗೂ ತನ್ನದೇ ಸಿ ಲೈಬ್ರರಿ ಇತ್ತು. ಒಂದರಲ್ಲಿ ಪಡೆದ ಮೆಮೊರಿಯನ್ನು ಇನ್ನೊಂದರಲ್ಲಿ ಬಿಡುಗಡೆ ಮಾಡಿದರೆ ಹೀಪ್ (ಪ್ರೋಗ್ರಾಂ ಕೇಳಿದಾಗ ಕೊಡುವ ಮೆಮೊರಿಯ ಸಂಗ್ರಹ) ಕೆಡುತ್ತಿತ್ತು. ಪೈಥಾನ್ 3.5ರಿಂದ, ವಿಷುಯಲ್ ಸ್ಟುಡಿಯೋ 2015ರ ಯೂನಿವರ್ಸಲ್ ಸಿ ರನ್‌ಟೈಮ್ ಬಂದ ಮೇಲೆ, ಈ ಕಾಟ ಮುಗಿಯಿತು. 2017, 2019, 2022 ಎಲ್ಲವೂ ಹೊಂದುತ್ತವೆ. 'ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ 14.0 ಬೇಕು' ಎಂಬ ಎರರ್‌ಗೆ ಇಡೀ ವಿಷುಯಲ್ ಸ್ಟುಡಿಯೋ ಇಳಿಸಬೇಕಿಲ್ಲ, ಬಿಲ್ಡ್ ಟೂಲ್ಸ್ ಮಾತ್ರ ಸಾಕು.

ಸಿ ಕೋಡಿನಲ್ಲೇ ಅಡಗಿರುವ ಬಲೆಗಳು ಬೇರೆ. 64 ಬಿಟ್ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 'ಲಾಂಗ್' 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. 214 ಕೋಟಿ ದಾಟಿದ ಸಂಖ್ಯೆ ಅಲ್ಲಿ ಹಿಡಿಸುವುದಿಲ್ಲ. ನಮ್‌ಪೈನಲ್ಲಿ ಪೂರ್ಣಾಂಕದ ಡೀಫಾಲ್ಟ್ ಅಳತೆ ವಿಂಡೋಸ್‌ನಲ್ಲಿ ಮಾತ್ರ 32 ಬಿಟ್ ಇದ್ದದ್ದು ಇದೇ ಕಾರಣಕ್ಕೆ, 2024ರ ನಮ್‌ಪೈ 2.0ರಲ್ಲಿ ಅದನ್ನು 64ಕ್ಕೆ ಏರಿಸಿದರು. ಅರೇಯ ಉದ್ದ, ಇಂಡೆಕ್ಸ್‌ಗಳಿಗೆಲ್ಲ ಪೈಥಾನ್‌ನದೇ ಆದ 'ಪಿವೈ_ಎಸ್‌ಸೈಜ್_ಟಿ' ಬಳಸಿದರೆ ಈ ಗೊಡವೆಯೇ ಇಲ್ಲ. ಅಕ್ಷರಗಳಲ್ಲೂ ಹೀಗೆ: 'ಡಬ್ಲ್ಯುಚಾರ್_ಟಿ' ವಿಂಡೋಸ್‌ನಲ್ಲಿ 2 ಬೈಟ್, ಉಳಿದೆರಡರಲ್ಲಿ 4. ಕನ್ನಡದ ಯೂನಿಕೋಡ್ ಸಂಕೇತಗಳು ಎರಡು ಬೈಟ್‌ಗಳಲ್ಲೇ ಹಿಡಿಸುವುದರಿಂದ ಕನ್ನಡ ಪಠ್ಯ ಕೊಟ್ಟು ಪರೀಕ್ಷಿಸಿದರೆ ದೋಷ ಬಯಲಾಗದು, ಎಮೋಜಿ ಕೊಟ್ಟು ನೋಡಬೇಕು.

ಕನ್ನಡದಿಂದಲೇ ಬಯಲಾಗುವ ದೋಷವೂ ಒಂದಿದೆ. ಪೈಥಾನ್ ಕೊಟ್ಟ ಯುಟಿಎಫ್-8 ಹೆಸರನ್ನು ಸಿಯ 'ಎಫ್‌ಓಪನ್'ಗೆ ಹಾಗೇ ದಾಟಿಸಿದರೆ ಲಿನಕ್ಸ್‌ನಲ್ಲಿ 'ಲೆಕ್ಕ.ಟಿಎಕ್ಸ್‌ಟಿ' ತೆರೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ 'ಎಫ್‌ಓಪನ್' ಆ ಹೆಸರನ್ನು ಹಳೆಯ ಕೋಡ್ ಪೇಜ್ (ಬೈಟ್‌ಗಳನ್ನು ಅಕ್ಷರಗಳಿಗೆ ಹೊಂದಿಸುವ ಪಟ್ಟಿ) ಪ್ರಕಾರ ಓದುತ್ತದೆ, ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಸಿಸ್ಟಂ ಕೋಡ್ ಪೇಜ್ ಇಲ್ಲ. ಫೈಲು ಕಣ್ಣೆದುರಿಗಿದ್ದರೂ ಸಿಗಲಿಲ್ಲ ಎನ್ನುತ್ತದೆ. ವಿಂಡೋಸ್‌ಗಾಗಿ ಹೆಸರನ್ನು ವೈಡ್ ಅಕ್ಷರಗಳಾಗಿ ಪಡೆದು '_ಡಬ್ಲ್ಯುಎಫ್‌ಓಪನ್' ಬಳಸಬೇಕು.

'ಡಿಎಲ್‌ಎಲ್ ಲೋಡ್ ಫೇಲ್ಡ್: ನಿರ್ದಿಷ್ಟ ಮಾಡ್ಯೂಲ್ ಸಿಗಲಿಲ್ಲ' ಎಂಬ ಸಂದೇಶವಂತೂ ದಾರಿ ತಪ್ಪಿಸುವುದರಲ್ಲಿ ಎತ್ತಿದ ಕೈ. ಎಷ್ಟೋ ಸಲ ಎಕ್ಸ್‌ಟೆನ್ಷನ್ ಫೈಲು ಅಲ್ಲೇ ಇರುತ್ತದೆ, ಇಲ್ಲದಿರುವುದು ಅದು ನೆಚ್ಚಿಕೊಂಡ ಬೇರೊಂದು ಡಿಎಲ್‌ಎಲ್ (ವಿಂಡೋಸ್‌ನ ಶೇರ್ಡ್ ಲೈಬ್ರರಿ). ಅದರ ಹೆಸರನ್ನು ಸಂದೇಶ ಹೇಳುವುದೇ ಇಲ್ಲ. ಪೈಥಾನ್ 3.8ರಿಂದ ಇಂಥ ಡಿಎಲ್‌ಎಲ್‌ಗಳನ್ನು ಪಾತ್ ವೇರಿಯಬಲ್‌ನಲ್ಲಿ ಹುಡುಕುವುದೂ ಇಲ್ಲ, 'ಆಡ್_ಡಿಎಲ್‌ಎಲ್_ಡೈರೆಕ್ಟರಿ' ಕರೆದು ಜಾಗ ತಿಳಿಸಬೇಕು, ಇಲ್ಲವೇ ಡೆಲ್ವ್‌ವೀಲ್ ಎಂಬ ಉಪಕರಣ ಬಳಸಿ ವೀಲ್‌ನೊಳಗೇ ತುಂಬಬೇಕು. ಏನು ಕಾಣೆಯಾಗಿದೆ ಎಂದು ತಿಳಿಯಲು ಫೈಲಿನ ಮೇಲೆ 'ಡಂಪ್‌ಬಿನ್ /ಡಿಪೆಂಡೆಂಟ್ಸ್' ಓಡಿಸಿ. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ 'ಎಲ್‌ಡಿಡಿ', ಮ್ಯಾಕ್‌ನಲ್ಲಿ 'ಓಟೂಲ್ -ಎಲ್'.

ಮ್ಯಾಕ್‌ನಲ್ಲಿ ಗಮನಿಸಬೇಕಾದ್ದು ಎರಡು. 2020ರ ನವೆಂಬರ್‌ನಲ್ಲಿ ಎಂ1 ಬಂದ ಮೇಲೆ ಇಂಟೆಲ್‌ಗೊಂದು, ಆರ್ಮ್‌ಗೊಂದು ಫೈಲು ಬೇಕು, ಅಥವಾ ಎರಡನ್ನೂ ಒಟ್ಟಿಗೆ ಕಟ್ಟಿದ ಯೂನಿವರ್ಸಲ್2. ಎರಡನೆಯದು, ಆರ್ಮ್ ಮ್ಯಾಕ್‌ಗಳಲ್ಲಿ ಸಹಿ ಇಲ್ಲದ ಕೋಡ್ ಓಡುವುದೇ ಇಲ್ಲ. ಲಿಂಕರ್ ತಾನೇ ಒಂದು ತಾತ್ಕಾಲಿಕ ಸಹಿ ಹಾಕುತ್ತದೆ ನಿಜ, ಆದರೆ ಆಮೇಲೆ ಫೈಲಿನ ಬೈಟ್‌ಗಳನ್ನು ತಿದ್ದಿದರೆ ಆ ಸಹಿ ಸಲ್ಲದು. ಆಗ ಪೈಥಾನ್ ಯಾವ ಎರರ್ ಕೂಡ ಕೊಡದೆ 'ಕಿಲ್ಡ್: 9' ಎಂದು ಸಾಯುತ್ತದೆ. ಕೋಡ್‌ಸೈನ್ ಓಡಿಸಿ ಸಹಿ ಹಾಕಿದರೆ ಸರಿಹೋಗುತ್ತದೆ.

ಈಗ ಲೆಕ್ಕ ಹಾಕಿ. ಪೈಥಾನ್‌ನ ಐದು ಆವೃತ್ತಿ, ಜಿಲಿಬ್‌ಸಿ ಮತ್ತು ಮಸಲ್ ಲಿನಕ್ಸ್, ಇಂಟೆಲ್ ಮತ್ತು ಆರ್ಮ್ ಸೇರಿ ನಾಲ್ಕು, ಮ್ಯಾಕ್‌ನವು ಎರಡು, ವಿಂಡೋಸ್ ಒಂದು. ಒಟ್ಟು 35 ವೀಲ್. ಕೈಯಲ್ಲಿ ಮಾಡುವ ಕೆಲಸವಲ್ಲ. ಸಿಐಬಿಲ್ಡ್‌ವೀಲ್ ಎಂಬ ಉಪಕರಣ ಕ್ಲೌಡ್ ಯಂತ್ರಗಳ ಮೇಲೆ ಈ ಎಲ್ಲವನ್ನೂ ಕಂಪೈಲ್ ಮಾಡಿ, ರಿಪೇರಿ ಮಾಡಿ, ಪರೀಕ್ಷಿಸಿ ಕೊಡುತ್ತದೆ. ಸಂಖ್ಯೆಯನ್ನೇ ಇಳಿಸಬೇಕೆಂದರೆ ಪೈಥಾನ್ 3.2ರಲ್ಲಿ ಬಂದ ಸ್ಟೇಬಲ್ ಎಬಿಐ ಇದೆ, ಅಂದರೆ ಆವೃತ್ತಿ ಬದಲಾದರೂ ಕೆಡದ ಬೈನರಿ ಒಪ್ಪಂದ. ಸೀಮಿತ ಫಂಕ್ಷನ್‌ಗಳಿಗಷ್ಟೇ ಕಟ್ಟುಬಿದ್ದು 3.9ಕ್ಕೆ ಕಂಪೈಲ್ ಮಾಡಿದರೆ ಅದೇ ಫೈಲು 3.13ರಲ್ಲೂ ಓಡುತ್ತದೆ, 35 ಇದ್ದದ್ದು 7ಕ್ಕೆ ಇಳಿಯುತ್ತದೆ. ಚಿಕ್ಕ ಲೈಬ್ರರಿಗಳಿಗೆ ಇದೇ ಸರಿಯಾದ ಆಯ್ಕೆ. ಆದರೆ ಕೆಲವು ಮ್ಯಾಕ್ರೋಗಳು ಫಂಕ್ಷನ್ ಕರೆಗಳಾಗಿ ವೇಗ ತುಸು ತಗ್ಗುತ್ತದೆ. ಅರೇ ಹಂಚಿಕೊಳ್ಳುವ ಬಫರ್ ಪ್ರೋಟೋಕಾಲ್ ಈ ಸೀಮಿತ ಪಟ್ಟಿಗೆ ಬಂದದ್ದೇ 3.11ರಲ್ಲಿ, 3.13ರ ಜೊತೆ ಬಂದ ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ತಡೆಯುವ ಬೀಗ) ಇಲ್ಲದ ಪೈಥಾನ್‌ಗೆ ಈ ವೀಲ್ ಹೊಂದುವುದಿಲ್ಲ.

ಪ್ರಕಟಿಸುವ ಮೊದಲು ವೀಲ್‌ನ್ನು ಕಂಪೈಲರ್ ಇಲ್ಲದ ಖಾಲಿ ಯಂತ್ರದಲ್ಲಿ, ಮೂಲ ಕೋಡಿನ ಫೋಲ್ಡರ್‌ನಿಂದ ಹೊರಗೆ ನಿಂತು ಇಂಪೋರ್ಟ್ ಮಾಡಿ ನೋಡಬೇಕು. ಬಿಲ್ಡ್ ಫ್ಲ್ಯಾಗ್‌ಗಳಲ್ಲಿ 'ಮಾರ್ಚ್=ನೇಟಿವ್' ಉಳಿದಿದೆಯೇ ಎಂದೂ ಹುಡುಕಬೇಕು. ಅದು ಕಂಪೈಲ್ ಮಾಡಿದ ಯಂತ್ರದ ಪ್ರೊಸೆಸರ್‌ನಲ್ಲಿರುವ ಎಲ್ಲ ಸೂಚನೆಗಳನ್ನೂ ಬಳಸಲು ಅನುಮತಿ ಕೊಡುತ್ತದೆ. ಎವಿಎಕ್ಸ್-512 ಎಂಬ ವಿಶೇಷ ಸೂಚನೆಗಳ ಗುಂಪು ಇರುವ ಸರ್ವರ್‌ನಲ್ಲಿ ಹಾಗೆ ಕಟ್ಟಿದ ವೀಲ್ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಆಗುತ್ತದೆ, ಇಂಪೋರ್ಟ್ ಕೂಡ ಆಗುತ್ತದೆ. ಆ ಸೂಚನೆ ಇರುವ ಫಂಕ್ಷನ್ ಕರೆದ ಕ್ಷಣ ಮಾತ್ರ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಇಡೀ ಪೈಥಾನ್ ಬಿದ್ದುಹೋಗುತ್ತದೆ.