ಡಂಗ್ರಿ ಅಂದರೆ ಯಾವ ಬಟ್ಟೆ? ಆ ಹೆಸರು ಎಲ್ಲಿಯದು?

ಪ್ರಶ್ನೆ: ನನ್ನ ತಮ್ಮ ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಹಾಕುವ ಬಾಯ್ಲರ್ ಸೂಟಿಗೆ ಡಂಗ್ರಿ ಅನ್ನುತ್ತಾನೆ. ಮೊನ್ನೆ ಹಂಪನಕಟ್ಟೆಯಲ್ಲಿ ಮಗಳಿಗೆ ಎದೆಪಟ್ಟಿಯ ಪ್ಯಾಂಟು ತೆಗೆದುಕೊಂಡಾಗ ಅಂಗಡಿಯವರೂ ಅದಕ್ಕೆ ಡಂಗ್ರಿ ಅಂದರು. ಯಾವುದು ಸರಿ? ಇದು ಇಂಗ್ಲಿಷ್ ಪದವೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ತಮ್ಮ ಹೇಳಿದ್ದೂ ಸರಿ, ಅಂಗಡಿಯವರು ಹೇಳಿದ್ದೂ ಸರಿ. ಪದ ಮಾತ್ರ ಇಂಗ್ಲಿಷಿನದಲ್ಲ, ಮುಂಬೈಯದು.

ಮುಂಬೈಯಲ್ಲಿ ದುಡಿದು ಬಂದವರು ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಷ್ಟು ಮನೆಗಳಲ್ಲಿಲ್ಲ! ಅವರನ್ನು ಕೇಳಿ, ಡೋಂಗ್ರಿ ಎಲ್ಲಿ ಎಂದು ಹೇಳುತ್ತಾರೆ. ಮಸ್ಜಿದ್ ಬಂದರ್, ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಶನ್ನುಗಳ ಹತ್ತಿರದ ಕಿಕ್ಕಿರಿದ ಪೇಟೆ ಅದು. ಮರಾಠಿಯಲ್ಲಿ ಡೋಂಗರ್ ಅಂದರೆ ಗುಡ್ಡ. ಮನೆಯಲ್ಲಿ ಕೊಂಕಣಿ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವರ ದೊಂಗೊರ್ ಇದೇ. ಗುಡ್ಡದಿಂದ ಊರಿಗೆ ಹೆಸರು ಬಂತು, ಊರಿನಿಂದ ಅಲ್ಲಿ ಮಾರಾಟವಾಗುತ್ತಿದ್ದ ಒರಟು ಹತ್ತಿಬಟ್ಟೆಗೆ. ಆ ಬಟ್ಟೆ ಡುಂಗ್ರಿ ಆಯಿತು. 17ನೇ ಶತಮಾನದಲ್ಲೇ ಐರೋಪ್ಯ ವ್ಯಾಪಾರಿಗಳ ಬರವಣಿಗೆಯಲ್ಲಿ ಈ ಹೆಸರು ಸಿಗುತ್ತದೆ.

ಆಗ ಅದು ಉಡುಪಲ್ಲ, ಬರೀ ಬಟ್ಟೆ. ದಪ್ಪ, ಅಗ್ಗ, ಗಟ್ಟಿಮುಟ್ಟು. ಹಾಯಿಗೂ ಡೇರೆಗೂ ಅದನ್ನೇ ಬಳಸುತ್ತಿದ್ದರು. ಹಡಗಿನ ಆಳುಗಳು ಅದರಲ್ಲೇ ಅಂಗಿ, ಚಡ್ಡಿ ಹೊಲಿಸಿಕೊಂಡರು. ಹೀಗೆ 19ನೇ ಶತಮಾನದ ಹೊತ್ತಿಗೆ ಬಟ್ಟೆಯ ಹೆಸರು ಉಡುಪಿನ ಹೆಸರಾಗಿ ‘ಡಂಗರೀಸ್’ ಆಯಿತು. 1886ರ ಆಂಗ್ಲೋ-ಇಂಡಿಯನ್ ನಿಘಂಟೊಂದು ಡುಂಗ್ರಿಯನ್ನು ಒರಟು, ಕೀಳುದರ್ಜೆಯ ಬಟ್ಟೆ ಎನ್ನುತ್ತದೆ. ಒರಟು ಎಂದದ್ದು ಸರಿ. ಕೀಳು ಎಂದದ್ದು ನನಗೆ ಒಪ್ಪಿಗೆಯಿಲ್ಲ. ಉಪ್ಪುಗಾಳಿಯಲ್ಲಿ, ಎಣ್ಣೆ-ಗ್ರೀಸಿನ ನಡುವೆ ಮೈ ಕಾಯುವ ಬಟ್ಟೆಯನ್ನು ಅಳೆಯಬೇಕಾದದ್ದು ಬಾಳಿಕೆಯಿಂದ, ನುಣುಪಿನಿಂದಲ್ಲ.

ಹೆಸರು ಊರೂರು ಸುತ್ತುತ್ತಾ ಅರ್ಥ ಬದಲಾಯಿಸಿತು. ಅಮೆರಿಕದಲ್ಲಿ ಹಳಬರು ಡಂಗರೀಸ್ ಅಂದರೆ ಮಾಮೂಲಿ ನೀಲಿ ಜೀನ್ಸ್ ಪ್ಯಾಂಟು. ಬ್ರಿಟನ್ನಿನಲ್ಲಿ ಎದೆಯ ಮೇಲೊಂದು ತುಂಡು, ಹೆಗಲಿಗೆ ಎರಡು ಪಟ್ಟಿ ಇರುವ ಪ್ಯಾಂಟು, ಅಂದರೆ ನಿಮ್ಮ ಮಗಳದ್ದು. ನಮ್ಮಲ್ಲಿ ಆ ಅರ್ಥದ ಜೊತೆಗೆ ಕಾರ್ಖಾನೆ, ಗ್ಯಾರೇಜು, ಹಡಗಿನ ಕೆಲಸಗಾರರು ತೊಡುವ, ಅಂಗಿಯೂ ಪ್ಯಾಂಟೂ ಒಂದೇ ಆಗಿ ಹೊಲಿದ ಬಾಯ್ಲರ್ ಸೂಟಿಗೂ ಇದೇ ಹೆಸರು ನಿಂತಿತು. ಪಣಂಬೂರಿನ ಬಂದರಿಗೆ ಬರುವ ಹಡಗುಗಳಲ್ಲಿ ನಿಮ್ಮ ತಮ್ಮನಂಥವರು ತೊಡುವುದು ಇದನ್ನೇ.

ಹಾಗಾದರೆ ಜೀನ್ಸಿನ ಬಟ್ಟೆಯಾದ ಡೆನಿಮ್ಮೂ ಡಂಗ್ರಿಯೂ ಒಂದೆಯೇ? ಅಲ್ಲ. ಜೀನ್ಸಿನ ಕಾಲನ್ನು ಮಡಚಿ ನೋಡಿ. ಹೊರಮೈ ನೀಲಿ, ಒಳಮೈ ಬಿಳಿಚು. ಹಾಸಿನ (ಉದ್ದದ) ನೂಲಿಗೆ ಮಾತ್ರ ನೀಲಿ ಹಾಕಿ, ಹೊಕ್ಕಿನ (ಅಡ್ಡದ) ನೂಲನ್ನು ಬಿಳಿಯಾಗಿಯೇ ಬಿಟ್ಟು ನೇಯುವುದರಿಂದ ಹೀಗೆ. ಬಟ್ಟೆಯ ಮೇಲಿನ ಓರೆ ಗೆರೆಗಳೂ ಆ ನೇಯ್ಗೆಯವೇ. ಇದು ಡೆನಿಮ್ಮಿನ ಗುರುತು. ಡೆನಿಮ್ ಹೆಸರು ಫ್ರಾನ್ಸಿನ ನೀಮ್ ಪಟ್ಟಣದಿಂದ, ಜೀನ್ಸ್ ಇಟಲಿಯ ಜಿನೋವಾ ಬಂದರಿನಿಂದ ಬಂದವು ಎಂಬುದು ಹೆಚ್ಚಿನವರ ಅಭಿಪ್ರಾಯ. ಇಂದು ಅಂಗಡಿಯಲ್ಲಿ ಡಂಗ್ರಿಯನ್ನು ಹೆಚ್ಚಾಗಿ ಡೆನಿಮ್ಮಿನಲ್ಲೇ ಹೊಲಿದಿರುತ್ತಾರೆ. ಮುಂಬೈಯ ಹೆಸರಿನ ಉಡುಪು, ಫ್ರಾನ್ಸಿನ ಹೆಸರಿನ ಬಟ್ಟೆ!

ಮಂಗಳೂರಿನವರು ಇಲ್ಲಿ ಖಾಕಿಯ ಮಾತು ತೆಗೆಯದೆ ಇರುವುದಿಲ್ಲ. ಬಲ್ಮಠದಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ ನಡೆಸುತ್ತಿದ್ದ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಜಾನ್ ಹಾಲರ್ ಖಾಕಿ ಬಣ್ಣದ ಬಟ್ಟೆ ತಯಾರಿಸಿದರು ಎಂಬುದು ನಮ್ಮ ಊರಿನ ಹೆಮ್ಮೆ. ಆದರೆ ಖಾಕಿ ಜಾಗದ ಹೆಸರಲ್ಲ. ಪರ್ಷಿಯನ್ನಿನ ‘ಖಾಕ್’ ಅಂದರೆ ಮಣ್ಣು, ಧೂಳು. 1840ರ ದಶಕದಲ್ಲೇ ಪೇಶಾವರದ ಕಡೆಯ ಒಂದು ಸೇನಾ ತುಕಡಿ ಈ ಬಣ್ಣದ ಉಡುಪು ತೊಟ್ಟಿತ್ತು. ಬಲ್ಮಠದ ಕೆಲಸದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ, ಹೆಸರಿನ ಕಥೆ ಬೇರೆ ಅಷ್ಟೆ.

ತಮ್ಮನಿಗೆ ಊರಿನಲ್ಲೇ ಒಂದು ಜೊತೆ ಹೊಲಿಸುವುದಾದರೆ ದರ್ಜಿಗೆ ‘ಬಾಯ್ಲರ್ ಸೂಟ್’ ಎಂದೇ ಹೇಳಿ. ಬರೀ ಡಂಗ್ರಿ ಅಂದರೆ ಎದೆಪಟ್ಟಿ ಇಟ್ಟು ಹೊಲಿದುಬಿಟ್ಟಾರು.